ತಾಮ್ರದ ಕಂಪನಿ ಕಟ್ಟಿದ ಊರಿಗೆ ಬಾವುಟ, ಮುದ್ರೆ: ಗಣಿ ಕಾರ್ಮಿಕನ ಚಿತ್ರ ಸರಿಹೋಗುತ್ತಾ?

ಸುಮಾ_ಎಸ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವಿರೋದು ಅರಿಜೋನಾದ ಫೀನಿಕ್ಸ್ ಪಕ್ಕ. ಮಗನಿಗೆ ಶಾಲೇಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ. ರಾಜ್ಯದಲ್ಲಿ ಹಿಂದೆ ತಾಮ್ರದ ಕಂಪನಿಯೇ ಕಟ್ಟಿ ನಡೆಸಿದ ಯಾವುದಾದ್ರೂ ಒಂದು ಊರು ಆರಿಸಿಕೊಂಡು ಅದಕ್ಕೊಂದು ಬಾವುಟ, ಒಂದು ಮುದ್ರೆ ಬಿಡಿಸಬೇಕು, ಯಾಕೆ ಹಾಗೆ ಬಿಡಿಸಿದೆ ಅಂತ ಒಂದು ಪುಟ ಬರೀಬೇಕು. ಆ ಊರಿನವರು ಈಗ ಬಳಸ್ತಿರೋದನ್ನ ನೋಡಿ ಬಿಡಿಸೋ ಹಾಗಿಲ್ಲ ಅಂತ ಟೀಚರ್ ಕಟ್ಟಪ್ಪಣೆ. ಹಾಗಾಗಿ ದಯವಿಟ್ಟು ಅದರ ಚಿತ್ರ ಹುಡುಕಿ ಇಲ್ಲಿ ಹಾಕಬೇಡಿ, ಇವನು ನನ್ನ ಹೆಗಲ ಮೇಲಿಂದ ಇಣುಕ್ತಾನೇ ಇರ್ತಾನೆ.

ಇವನು ಆರಿಸಿದ್ದು ಕ್ಲಾರ್ಕ್‌ಡೇಲ್. ಕಾರಣ ಬೇರೇನಿಲ್ಲ, ವರ್ಡಿ ಕ್ಯಾನ್ಯನ್ ರೈಲು ಹೊರಡೋದು ಅಲ್ಲಿಂದ, ಇವನಿಗೆ ರೈಲಿನ ಹುಚ್ಚು. ಬಾವುಟದಲ್ಲಿ ಗುದ್ದಲಿ ಹಿಡಿದ ಗಣಿ ಕೆಲಸಗಾರ, ಹಿಂದೆ ಕಿತ್ತಳೆ ಬಣ್ಣದ ಬೆಟ್ಟ, ಹುಟ್ಟುವ ಸೂರ್ಯ, ಒಂದು ಕತ್ತೆ, ಎರಡು ಸಗ್ವಾರೊ ಕಳ್ಳಿ. ಅದನ್ನೇ ಒಂದು ವೃತ್ತದೊಳಗೆ ಚಿಕ್ಕದು ಮಾಡಿ ಸುತ್ತ ಊರಿನ ಹೆಸರು, 1912 ಅಂತ ಬರೆದು ಮುದ್ರೆ ಅಂದಿದ್ದಾನೆ. ನಮ್ಮನೆಯವರು ನೋಡಿ "ಕತ್ತೆ ಚೆನ್ನಾಗಿ ಬಂದಿದೆ" ಅಂದ್ರು, ಅಷ್ಟೇ.

ನನಗೆ ಯಾಕೋ ಇದು ಅರಿಜೋನಾದ ಯಾವ ಊರಿಗೆ ಹಾಕಿದರೂ ಆಗುವಂಥ ಚಿತ್ರ ಅನ್ನಿಸ್ತಾ ಇದೆ. ತಾಮ್ರದ ಊರು ಅಂದ್ರೆ ಗಣಿಯವನೇ ಇರಬೇಕಾ? ಬಾವುಟ, ಮುದ್ರೆ ಎರಡರಲ್ಲೂ ಒಂದೇ ಚಿತ್ರ ಇದ್ರೆ ಪರವಾಗಿಲ್ವಾ? ಇನ್ನೊಂದು, ತಾಮ್ರದ ಬಣ್ಣ. ಇವನ ಕ್ರೇಯಾನ್ ಡಬ್ಬೀಲಿ ಇರೋ ಯಾವ ಬಣ್ಣ ಹಚ್ಚಿದರೂ ಇಟ್ಟಿಗೆ ಥರ ಕಾಣ್ತಿದೆ. ಗೊತ್ತಿರೋರು ಹೇಳಿ.

ಬಾವುಟದ_ಹುಚ್ಚ:

ಮೇಡಂ, ಎರಡಕ್ಕೂ ಒಂದೇ ಚಿತ್ರ ಬೇಡವೇ ಬೇಡ. ಮುದ್ರೆ ಅಂದ್ರೆ ಕಾಗದದ ಮೇಲೆ ಒತ್ತೋದು, ಕೈಯಲ್ಲಿ ಹಿಡಿದು ಓದೋದು. ಬಾವುಟ ದೂರದ ಕಂಬದ ಮೇಲೆ ಗಾಳೀಲಿ ಮಡಚಿಕೊಂಡು ಒದ್ದಾಡ್ತಿರುತ್ತೆ. ಅಮೆರಿಕದ ಎಷ್ಟೋ ರಾಜ್ಯಗಳು, ಊರುಗಳು ತಮ್ಮ ಮುದ್ರೆಯನ್ನೇ ನೀಲಿ ಬಟ್ಟೆ ಮಧ್ಯೆ ಅಂಟಿಸಿ ಕೈತೊಳೆದುಕೊಂಡಿವೆ. ನಮ್ಮಂಥ ಬಾವುಟದ ಹುಚ್ಚರು ಅದಕ್ಕೆ 'ಬೆಡ್‌ಶೀಟ್ ಮೇಲಿನ ಮುದ್ರೆ' ಅಂತ ಆಡಿಕೊಳ್ತೀವಿ. ಬಾವುಟಗಳ ಅಧ್ಯಯನ ಮಾಡೋ ನಾರ್ತ್ ಅಮೆರಿಕನ್ ವೆಕ್ಸಿಲಲಾಜಿಕಲ್ ಅಸೋಸಿಯೇಷನ್‌ನವರು ಪ್ರಚಾರ ಮಾಡೋ ಸೂತ್ರಗಳೂ ಇದೇ: ಮಗು ನೆನಪಿನಿಂದ ಬಿಡಿಸುವಷ್ಟು ಸರಳವಾಗಿರಲಿ, ಬಣ್ಣ ಎರಡು ಮೂರು ಸಾಕು, ಅಕ್ಷರ ಮತ್ತು ಮುದ್ರೆ ಬೇಡ.

ನಿಮ್ಮ ರಾಜ್ಯದ ಬಾವುಟವೇ ಒಳ್ಳೆ ಉದಾಹರಣೆ. ಮೇಲರ್ಧ ಕೆಂಪು ಹಳದಿ ಸೇರಿ 13 ಕಿರಣ, ಕೆಳಗೆ ನೀಲಿ, ಮಧ್ಯೆ ತಾಮ್ರದ ಬಣ್ಣದ ನಕ್ಷತ್ರ. 2001ರಲ್ಲಿ ಅದೇ ಸಂಸ್ಥೆ ಅಮೆರಿಕ, ಕೆನಡಾದ ರಾಜ್ಯ ಮತ್ತು ಪ್ರಾಂತ್ಯಗಳ ಬಾವುಟಗಳಿಗೆ ಅಂಕ ಹಾಕಿಸಿದಾಗ ಅರಿಜೋನಾಕ್ಕೆ ಆರನೇ ಸ್ಥಾನ ಬಂತು. ಊರುಗಳ ಬಾವುಟದ ಸಮೀಕ್ಷೆ 2004ರಲ್ಲಿ ನಡೀತು, ಅದರಲ್ಲಿ ಫೀನಿಕ್ಸ್ ನಾಲ್ಕನೇದು. ಮಗನಿಗೆ ಹೇಳಿ, ಖುಷಿಪಡಲಿ.

ತಮಾಷೆ ಅಂದ್ರೆ 1917ರ ಫೆಬ್ರವರಿಯಲ್ಲಿ ಈ ಬಾವುಟದ ಮಸೂದೆ ಪಾಸಾದಾಗ ಗವರ್ನರ್ ಥಾಮಸ್ ಕ್ಯಾಂಪ್‌ಬೆಲ್ ಸಹಿ ಹಾಕಲೇ ಇಲ್ಲ. ಸಹಿ ಇಲ್ಲದೇನೇ ಕಾನೂನಾಯ್ತು.

ಇನ್ನು ರಾಜ್ಯದ ಮುದ್ರೆ. ಬೆಟ್ಟ, ಸೂರ್ಯ, ಅಣೆಕಟ್ಟು, ಹೊಲ, ದನ, ಅದಿರು ಅರೆಯೋ ಮಿಲ್ಲು, ಮುಂದೆ ಗುದ್ದಲಿ ಸಲಿಕೆ ಹಿಡಿದ ಗಣಿಯವನು, ಎಲ್ಲ ತುಂಬಿದ್ದಾರೆ. ನಿಮ್ಮ ಹುಡುಗ ಬಿಡಿಸಿರೋದು ಅದರ ತಮ್ಮನ ಹಾಗಿದೆ, ಕತ್ತೆ ಒಂದು ಹೆಚ್ಚು.

ಕುಲುಮೆ_ರಾಯ:

ಸುಮಾ ಅವರೇ, ಈ ರಾಜ್ಯದ ಒಂದು ತಾಮ್ರದ ಸ್ಮೆಲ್ಟರ್‌ನಲ್ಲಿ ದುಡಿದು ನಿವೃತ್ತಿಯಾದವನು ನಾನು, ಅಂದ್ರೆ ಅದಿರು ಕರಗಿಸಿ ತಾಮ್ರ ತೆಗೆಯೋ ಕಾರ್ಖಾನೇಲಿ. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರಾದ್ರೆ ದಾಟಿಸಿ ಓದಿ.

ಗಣಿಯವನನ್ನ ಮೊದಲು ತೆಗೆಸಿ. ಕ್ಲಾರ್ಕ್‌ಡೇಲ್ ಗಣಿಯ ಊರೇ ಅಲ್ಲ. ಗಣಿ ಇದ್ದದ್ದು ಮೇಲೆ, ಬೆಟ್ಟದ ಮೈಗೆ ಅಂಟಿಕೊಂಡಿರೋ ಜೆರೋಮ್‌ನಲ್ಲಿ. ಯುನೈಟೆಡ್ ವರ್ಡಿ ಕಾಪರ್ ಕಂಪನಿಯ ಹಳೇ ಸ್ಮೆಲ್ಟರೂ ಅಲ್ಲೇ ಇತ್ತು. ಆದರೆ ಗಣಿಯೊಳಗೆ ಬೆಂಕಿ ಹೊತ್ತಿ ವರ್ಷಗಟ್ಟಲೆ ಆರಲಿಲ್ಲ, ಗಂಧಕದ ಅದಿರು, ಒಮ್ಮೆ ಹಿಡೀತು ಅಂದ್ರೆ ಮುಗೀತು. ಮೇಲಿಂದ ತೆರೆದು ಅಗೆಯೋದೇ ದಾರಿ ಅಂತಾದಾಗ ಸ್ಮೆಲ್ಟರ್ ಜಾಗ ಖಾಲಿ ಮಾಡಬೇಕಾಯ್ತು. ಕಂಪನಿಯ ಒಡೆಯ ವಿಲಿಯಂ ಆಂಡ್ರ್ಯೂಸ್ ಕ್ಲಾರ್ಕ್ ಕೆಳಗೆ ವರ್ಡಿ ನದಿಯ ಪಕ್ಕ ಸಮತಟ್ಟು ಜಾಗ ನೋಡಿ 1912ರಲ್ಲಿ ಊರು ಕಟ್ಟಿಸೋಕೆ ಶುರುಮಾಡಿದ. 1915ಕ್ಕೆ ಹೊಸ ಸ್ಮೆಲ್ಟರ್ ಉರಿಯೋಕೆ ಶುರುವಾಯ್ತು. ಅದಿರು ಬೆಟ್ಟದಿಂದ ರೈಲಲ್ಲಿ ಇಳಿದು ಬರೋದು, ಇಲ್ಲಿ ಕರಗೋದು. ಅಂದಮೇಲೆ ಈ ಊರಿನವನ ಕೈಯಲ್ಲಿ ಇದ್ದದ್ದು ಗುದ್ದಲಿ ಅಲ್ಲ, ಕುಲುಮೆಗೆ ಚುಚ್ಚೋ ಉದ್ದನೆ ಕಬ್ಬಿಣದ ಸಲಾಕೆ.

ಅದೇನು ಕೆಲಸ ಅಂತ ಹುಡುಗನಿಗೆ ಒಂಚೂರು ಹೇಳಿ, ಬಿಡಿಸೋಕೆ ಸುಲಭ ಆಗುತ್ತೆ. ಅದಿರಿನಲ್ಲಿ ತಾಮ್ರದ ಜತೆ ಕಬ್ಬಿಣ, ಗಂಧಕ ಸೇರಿಕೊಂಡಿರುತ್ತೆ. ಕುಲುಮೇಲಿ ಮರಳಿನಂಥ ಸಿಲಿಕಾ ಹಾಕಿ ಕರಗಿಸಿದರೆ ಕಬ್ಬಿಣದ ಒಂದು ಪಾಲು ಸಿಲಿಕಾ ಜತೆ ಸೇರಿ ಸ್ಲ್ಯಾಗ್ ಆಗಿ ಮೇಲೆ ತೇಲುತ್ತೆ, ಅದೇ ಕಿಟ್ಟ. ಕೆಳಗೆ ಉಳಿಯೋದು ಮ್ಯಾಟ್, ಅಂದ್ರೆ ತಾಮ್ರ, ಗಂಧಕ, ಉಳಿದ ಕಬ್ಬಿಣ ಸೇರಿದ ಕರಗಿದ ಮಿಶ್ರಣ. ಅದನ್ನ ಕನ್ವರ್ಟರ್‌ಗೆ ಸುರಿದು ಗಾಳಿ ಊದಿದರೆ ಉಳಿದ ಕಬ್ಬಿಣ ಕಿಟ್ಟಕ್ಕೆ, ಗಂಧಕ ಹೊಗೆಗೆ. ಕನ್ವರ್ಟರ್ ಬಾಯಲ್ಲಿ ಉರಿ ಬಣ್ಣ ತಿರುಗೋದನ್ನ ನೋಡಿಯೇ ಪಳಗಿದವನು "ಸಾಕು, ಬಗ್ಗಿಸಿ" ಅಂತಿದ್ದ. ಕೊನೆಗೆ ಸಿಗೋ ತಾಮ್ರ ನುಣ್ಣಗಿರಲ್ಲ. ಆರುವಾಗ ಒಳಗಿನ ಅನಿಲ ಮೇಲೆ ನುಗ್ಗಿ ಮೈಯೆಲ್ಲ ಬೊಬ್ಬೆ ಏಳುತ್ತೆ, ಅದಕ್ಕೇ ಬ್ಲಿಸ್ಟರ್ ಕಾಪರ್ ಅನ್ನೋದು. ನೂರಕ್ಕೆ 98 ಪಾಲಿನ ಮೇಲೆ ತಾಮ್ರ ಇರುತ್ತೆ, ನೋಡೋಕೆ ಮಾತ್ರ ಕಪ್ಪುಗೆಂಪು, ಒರಟು. ಅಂಗಡೀಲಿ ಹೊಳೆಯೋ ಚೆಂಬಿನ ಬಣ್ಣ ತಲೇಲಿಟ್ಟುಕೊಂಡು ಸ್ಮೆಲ್ಟರ್‌ಗೆ ಬಂದವರು ಎಲ್ಲರೂ ಕೇಳ್ತಿದ್ರು, "ತಾಮ್ರ ಎಲ್ಲಿ?" ಅಂತ.

ನನ್ನ ಪ್ರಕಾರ ಆ ಊರಿನ ನಿಜವಾದ ಗುರುತು ಕಿಟ್ಟವೇ. ಈಗ ಅಲ್ಲಿ ಹೋಗಿ ನೋಡಿ, ಸ್ಮೆಲ್ಟರ್ ಇಲ್ಲ, ಚಿಮಣಿಗಳೂ ಇಲ್ಲ. ಕಿಟ್ಟದ ಗುಡ್ಡ ಇದೆ. ನಿಮ್ಮ ಮಗನ ರೈಲು ಹೊರಟ ಸ್ವಲ್ಪ ಹೊತ್ತಿಗೇ ಅದರ ಪಕ್ಕದಲ್ಲಿ ಹಾಯುತ್ತೆ. ಕರ್ರಗೆ, ಗಾಜಿನ ಹಾಗೆ ಮಿರುಗುತ್ತೆ, ಅಂಚಿನಲ್ಲಿ ಪದರ ಪದರ. ಪ್ರತಿ ಪದರವೂ ಒಂದು ಸಲ ಸುರಿದು ಹರಿದು ಹೆಪ್ಪುಗಟ್ಟಿದ್ದು. ಒಂದು ಟನ್ ತಾಮ್ರ ತೆಗೆಯೋಕೆ ಹಲವು ಟನ್ ಕಿಟ್ಟ ಚೆಲ್ಲಬೇಕು. ತಾಮ್ರ ರೈಲು ಹತ್ತಿ ಹೊರಟುಹೋಯ್ತು, ದುಡ್ಡು ಕ್ಲಾರ್ಕ್ ಮನೆಗೆ ಹೋಯ್ತು, ಊರಿಗೆ ಉಳಿದದ್ದು ಇದು. ರಾತ್ರಿ ಹೊತ್ತು ಕಿಟ್ಟ ಸುರಿಯೋದನ್ನ ನಾನು ನಮ್ಮ ಕಾರ್ಖಾನೇಲಿ ನೋಡಿದೀನಿ. ಪಾತ್ರೆ ಬಗ್ಗಿದ ತಕ್ಷಣ ಕಿತ್ತಳೆ ಬಣ್ಣದ ನಾಲಿಗೆ ಇಳಿಜಾರಲ್ಲಿ ಇಳಿಯುತ್ತೆ, ಮೋಡದ ಹೊಟ್ಟೆ ಕೂಡ ಕೆಂಪಗಾಗುತ್ತೆ, ಕೆಲವೇ ನಿಮಿಷ, ಆಮೇಲೆ ಅಂಚಿಂದ ಕಪ್ಪಾಗ್ತಾ ಬರುತ್ತೆ. ಕಪ್ಪು ಬಟ್ಟೆ, ಅದರ ಮೇಲೆ ಓರೆಯಾಗಿ ಒಂದೇ ಒಂದು ಕಿತ್ತಳೆ ಪಟ್ಟಿ. ಬಾವುಟ ಅಷ್ಟೇ ಸಾಕು ಅಂತೀನಿ ನಾನು.

ಬಣ್ಣದ ಪ್ರಶ್ನೆಗೂ ಇದೇ ಉತ್ತರ. ಬಟ್ಟೆಯಲ್ಲಾಗಲಿ ಕ್ರೇಯಾನ್‌ನಲ್ಲಾಗಲಿ ಲೋಹದ ಹೊಳಪು ಬರೋದಿಲ್ಲ. ರಾಜ್ಯದ ಬಾವುಟದ ನಕ್ಷತ್ರವನ್ನೇ ನೋಡಿ, ಒಂದು ಅಂಗಡಿಯದ್ದು ಕಿತ್ತಳೆ, ಇನ್ನೊಂದರದ್ದು ಕಂದು. ಇಟ್ಟಿಗೆ ಥರ ಕಾಣೋದು ಕ್ರೇಯಾನ್‌ನ ತಪ್ಪಲ್ಲ, ಪಕ್ಕದ ಬಣ್ಣದ್ದು. ಕೆಂಪು, ಹಳದಿ ಪಕ್ಕ ಇಟ್ಟರೆ ಮಂಕಾಗುತ್ತೆ, ಕಪ್ಪು ಅಥವಾ ಕಡುನೀಲಿ ಮೇಲೆ ಇಟ್ಟರೆ ಅದೇ ಬಣ್ಣ ಉರಿಯುತ್ತೆ.

ಸಗ್ವಾರೊ ಎರಡನ್ನೂ ಅಳಿಸಿ. ಐ-17 ಹೆದ್ದಾರೀಲಿ ಉತ್ತರಕ್ಕೆ ಹೋಗುವಾಗ ಸನ್‌ಸೆಟ್ ಪಾಯಿಂಟ್ ಹತ್ತಿರ ಬರ್ತಿದ್ದ ಹಾಗೇ ಅವು ಕಾಣೆಯಾಗ್ತವೆ, ವರ್ಡಿ ಕಣಿವೆಯ ಚಳಿ ಅವಕ್ಕೆ ಆಗಿಬರಲ್ಲ. ಟೀಚರ್ ಸ್ಥಳೀಯರಾದ್ರೆ ಅಲ್ಲೇ ಹಿಡೀತಾರೆ.

ಕೊನೇದಾಗಿ ಮುದ್ರೆಯ ಇಸವಿ. 1912 ಅಂತ ಬರೆದರೆ ಎರಡು ತೊಂದರೆ. ಅರಿಜೋನಾ ರಾಜ್ಯವಾದದ್ದೂ 1912, ರಾಜ್ಯದ ಮುದ್ರೆಯ ಮೇಲೂ ಅದೇ ಇಸವಿ ಇದೆ. ಅದಕ್ಕಿಂತ ಮುಖ್ಯ, ಮುದ್ರೆ ಯಾರದ್ದು ಅನ್ನೋದು. ಕಂಪನಿಯ ಕಾಲದಲ್ಲಿ ಆ ಊರಿಗೆ ಚುನಾಯಿತ ಕೌನ್ಸಿಲ್ ಇರಲಿಲ್ಲ. ಮನೆ, ನೀರು, ಕರೆಂಟು, ಬೀದಿ ಎಲ್ಲ ಕಂಪನಿಯದ್ದು. 1935ರಲ್ಲಿ ಫೆಲ್ಪ್ಸ್ ಡಾಡ್ಜ್ ಕೊಂಡುಕೊಂಡಾಗ ಒಂದು ಕಂಪನಿಯ ಜೇಬಿಂದ ಇನ್ನೊಂದು ಕಂಪನಿಯ ಜೇಬಿಗೆ ಹೋಯ್ತು, ಊರಿನವರನ್ನ ಯಾರೂ ಕೇಳಲಿಲ್ಲ. ಐವತ್ತರ ದಶಕದ ಮೊದಲಲ್ಲಿ ಕೆಲಸ ನಿಂತು, 1957ರಲ್ಲಿ ಜನ ಸೇರಿ ಅದನ್ನ ಕಾನೂನಿನ ಪ್ರಕಾರ ಪಟ್ಟಣ ಮಾಡಿಕೊಂಡರು. ಟೌನ್ ಕ್ಲರ್ಕ್ ಕಾಗದದ ಮೇಲೆ ಒತ್ತುವ ಮುದ್ರೆ ಅನ್ನೋ ವಸ್ತುವಿಗೆ ಅರ್ಥ ಬಂದದ್ದೇ ಆವಾಗ. ನಾನಾದ್ರೆ 1957 ಬರೀತೀನಿ.

ಟ್ರೊಂಡ್‌ಹೈಮ್_ಕನ್ನಡತಿ:

ರಾಯರು ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ನಾನಿರೋದು ನಾರ್ವೆಯಲ್ಲಿ, ಇಲ್ಲಿಂದ ರೈಲಲ್ಲಿ ಹೋಗಬಹುದಾದ ರೋರೋಸ್ ಕೂಡ ತಾಮ್ರದ ಕಂಪನಿಯ ಊರೇ. ಕಂಪನಿ 1644ರಲ್ಲಿ ಶುರುವಾಗಿ 1977ರಲ್ಲಿ ದಿವಾಳಿಯೆದ್ದು ಮುಚ್ಚಿತು. ಊರು 1980ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. 1784ರಲ್ಲಿ ಕಟ್ಟಿದ ಬಿಳೀ ಕಲ್ಲಿನ ಚರ್ಚು ಮರದ ಮನೆಗಳ ಮಧ್ಯೆ ಎದ್ದು ನಿಂತಿದೆ. ಅದರ ಗೋಪುರದ ಮೇಲೆ ಏನಿದೆ ಅಂದ್ಕೊಂಡ್ರಿ? ತಾಮ್ರದ ಕಂಪನಿಯ ಗುರುತು! ಮೇಲೆ ರಸವಾದಿಗಳು ತಾಮ್ರಕ್ಕೆ ಬಳಸುತ್ತಿದ್ದ ಚಿಹ್ನೆ, ಅಂದ್ರೆ ಒಂದು ವೃತ್ತ, ಅದರ ಕೆಳಗೆ ಅಧಿಕ ಚಿಹ್ನೆ, ಜತೆಗೆ ಅಡ್ಡಡ್ಡ ಇಟ್ಟ ಸುತ್ತಿಗೆ ಮತ್ತು ಉಳಿಯಂಥ ಗಣಿ ಉಪಕರಣ. ದೇವರ ಮನೆ ಮೇಲೂ ಕಂಪನಿ ತನ್ನ ಹೆಸರು ಬರೆದುಕೊಂಡ ಹಾಗೆ. ಕಂಪನಿ ಹೋಯ್ತು, ಆ ಚಿಹ್ನೆ ಈಗ ಊರಾಡಳಿತದ ಲಾಂಛನದಲ್ಲಿದೆ.

ಮುದ್ರೆಗೆ ನಿಮ್ಮ ಹುಡುಗ ಆ ಚಿಹ್ನೆ ಬಳಸಬಹುದು, ಎಷ್ಟು ಚಿಕ್ಕದು ಮಾಡಿದರೂ ಗೊತ್ತಾಗುತ್ತೆ. ಒಂದೇ ತೊಡಕು, ಈಗಿನವರಿಗೆ ಅದು ಹೆಂಗಸರ ಟಾಯ್ಲೆಟ್ ಬಾಗಿಲ ಮೇಲಿನ ಚಿಹ್ನೆ. ಕ್ಲಾಸಲ್ಲಿ ನಗ್ತಾರೆ, ತಯಾರಾಗಿರಲಿ.

ಗುರು_ಟೆಂಪೆ:

ಎಲ್ಲಾ ಸರಿ, ಆದ್ರೆ ಪಾಪ ಆ ಹುಡುಗನ ಬಾವುಟಕ್ಕೆ ಕಿಟ್ಟದ ಗುಡ್ಡ ಹಾಕಿಸ್ತಿದೀರಲ್ಲ ರಾಯರೇ, ಯಾವ ಊರು ತನ್ನ ಕಸದ ರಾಶೀನ ಬಾವುಟದ ಮೇಲೆ ಹಾರಿಸುತ್ತೆ? ಟೂಜಿಗೂಟ್ ಹಾಕಲಿ. ಊರಿನ ಪಕ್ಕದಲ್ಲೇ ಸಿನಾಗುವಾ ಅನ್ನೋ ಮೂಲನಿವಾಸಿ ಜನರ ಹಳೇ ಕಲ್ಲುಮನೆಗಳು, 1939ರಿಂದ ರಾಷ್ಟ್ರೀಯ ಸ್ಮಾರಕ. ಇಲ್ಲಾಂದ್ರೆ 1928ರ ಬ್ಯಾಂಕ್ ದರೋಡೆ! ಕಳ್ಳರು ಕಾರಲ್ಲಿ ಓಡಿಹೋಗ್ತಿದ್ರೆ ಎಪ್ಪತ್ತರ ಆಸುಪಾಸಿನ ಕಾವಲು ಅಧಿಕಾರಿ ಜಿಮ್ ರಾಬರ್ಟ್ಸ್ ಒಬ್ಬನೇ ನಿಂತು ಗುಂಡು ಹೊಡೆದು ನಿಲ್ಲಿಸಿದ. ಹುಡುಗರಿಗೆ ಇಂಥದ್ದು ಬೇಕು.

ಕುಲುಮೆ_ರಾಯ:

ಗುರು, ದರೋಡೆ ಕಥೆ ನನಗೂ ಇಷ್ಟ. ಆದ್ರೆ ಒಂದು ಮಧ್ಯಾಹ್ನ ನಡೆದದ್ದು ಊರಿನ ಗುರುತಾಗಲ್ಲ. ಟೂಜಿಗೂಟ್ ಬೇರೆ ವಿಷಯ. ಅದನ್ನ ಕಟ್ಟಿದವರ ಊರು ಅದು. ಕಂಪನಿ ಬರೋಕೆ ನೂರಾರು ವರ್ಷ ಮುಂಚಿನದು. ಅದನ್ನ ಕಂಪನಿ ಊರಿನ ಬಾವುಟಕ್ಕೆ ಎಳೆದು ತರೋದು ಸರಿ ಅನ್ನಿಸಲ್ಲ. ಇನ್ನೂ ಒಂದು ವಿಷಯ ಇದೆ. ಆ ಸ್ಮಾರಕದ ಬುಡದಲ್ಲೇ ಸ್ಮೆಲ್ಟರ್ ಕಾಲದ ಟೇಲಿಂಗ್ಸ್ ಹಾಸಿದ್ದರು, ಅದಿರು ಅರೆದು ಉಳಿದ ಪುಡಿ. ಆಮೇಲೆ ಮಣ್ಣು ಮುಚ್ಚಿ ಗಿಡ ಬೆಳೆಸಿದರು. ಕಸ ಬೇಡ ಅಂತ ಮುಖ ತಿರುಗಿಸಿದ ಕಡೆಯೂ ಕಸ ಇದೆ ಮಾರಾಯಾ.

ಕಸದ ರಾಶಿ ಅಂದೆಯಲ್ಲ, ಅದನ್ನ ಸುರಿದವರ ಹೆಸರು ಬೇರೆಲ್ಲೂ ಇಲ್ಲ. ಕ್ಲಾರ್ಕ್ ಹೆಸರು ಊರಿಗೇ ಇದೆ, ಆಚೆ ನೆವಾಡಾದಲ್ಲಿ ಲಾಸ್ ವೇಗಾಸ್ ಇರೋ ಕೌಂಟಿಗೂ ಇದೆ. ಊರಿನ ನಕ್ಷೆ ನೋಡು. ಮೇಲಿನ ಕ್ಲಾರ್ಕ್‌ಡೇಲ್‌ನಲ್ಲಿ ಮ್ಯಾನೇಜರು, ಇಂಜಿನಿಯರು. ಕೆಳಗಿನ ಕ್ಲಾರ್ಕ್‌ಡೇಲ್‌ನಲ್ಲಿ ಕೆಲಸಗಾರರು. ಮೆಕ್ಸಿಕನ್ ಕೂಲಿಗಳಿಗೆ ಪ್ಯಾಟಿಯೊ ಟೌನ್ ಅಂತ ಬೇರೆಯೇ ಕೇರಿ. ಅರಿಜೋನಾದ ಮೊಟ್ಟಮೊದಲ ಯೋಜಿತ ಊರು ಅಂತ ಹೊಗಳ್ತಾರಲ್ಲ, ಯೋಜನೆ ಅಂದ್ರೆ ಒಳಚರಂಡಿ, ಕರೆಂಟು ಮಾತ್ರ ಅಲ್ಲ, ಯಾರು ಎಲ್ಲಿರಬೇಕು ಅನ್ನೋದೂ ಯೋಜನೆಯೇ.

ಮೇಲೆ ಒಬ್ಬರು 1917ರ ಬಾವುಟದ ವಿಷಯ ಬರೆದರು. ತಾಮ್ರದ ನಕ್ಷತ್ರ ಫೆಬ್ರವರೀಲಿ ಬಂತು. ಅದೇ ವರ್ಷ ಜುಲೈ 10ಕ್ಕೆ ಜೆರೋಮ್‌ನಲ್ಲಿ ಯೂನಿಯನ್‌ನವರು ಅಂತ 60ಕ್ಕೂ ಹೆಚ್ಚು ಜನರನ್ನ ಹಿಡಿದು ದನದ ಬೋಗಿಗೆ ತುಂಬಿ ಕ್ಯಾಲಿಫೋರ್ನಿಯಾ ಕಡೆ ಅಟ್ಟಿದರು. ಎರಡು ದಿನ ಬಿಟ್ಟು ಬಿಸ್ಬಿ ಅನ್ನೋ ಇನ್ನೊಂದು ತಾಮ್ರದ ಊರಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನ ಹಾಗೇ ನ್ಯೂ ಮೆಕ್ಸಿಕೊದ ಮರುಭೂಮಿಗೆ ಸಾಗಿಸಿದರು. ರಾಜ್ಯದ ಮುದ್ರೆ ಮೇಲಿನ ಗಣಿಯವನಿಗೆ ಮಾದರಿ ಅಂತ ಹೇಳೋ ಜಾರ್ಜ್ ವಾರೆನ್ ಕೂಡ ಬಿಸ್ಬಿಯವನೇ. ಕಾಪರ್ ಕ್ವೀನ್ ಗಣಿಯ ತನ್ನ ಪಾಲನ್ನ ಕುದುರೆ ಜತೆ ಓಡಿ ಗೆಲ್ತೀನಿ ಅಂತ ಪಂದ್ಯ ಕಟ್ಟಿ ಕಳಕೊಂಡು ಬಡವನಾಗಿಯೇ ಸತ್ತ. ಚಿತ್ರದಲ್ಲಿ ಮಾತ್ರ ಗುದ್ದಲಿ ಹಿಡಿದು ನಿಂತಿದ್ದಾನೆ. ಗುದ್ದಲಿಯವನನ್ನ ಕಂಡ್ರೆ ನನಗೆ ಸಿಟ್ಟು ಬರೋದು ಅದಕ್ಕೇ. ಕೆಲಸಗಾರನಿಗೆ ಮರ್ಯಾದೆ ಕೊಟ್ಟ ಹಾಗೂ ಆಗುತ್ತೆ, ಅವನಿಗೇನಾಯ್ತು ಅಂತ ಹೇಳೋದೂ ತಪ್ಪುತ್ತೆ.

ಗುರು_ಟೆಂಪೆ:

ಒಪ್ಪಿದೆ. ಆದರೂ ಮಕ್ಕಳ ಪ್ರಾಜೆಕ್ಟಿಗೆ ಇಷ್ಟು ಭಾರ ಹೊರಿಸಬೇಡಿ. ಕಪ್ಪು ಬಾವುಟ ಅಂದ್ರೆ ಕಡಲ್ಗಳ್ಳರದ್ದು ಅಂತಾರೆ ಕ್ಲಾಸಲ್ಲಿ.

ಸುಮಾ_ಎಸ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಡಲ್ಗಳ್ಳರು ಅಂದ ತಕ್ಷಣ ಇವನಿಗೆ ಕಪ್ಪೇ ಬೇಕಂತೆ, ಆ ಚರ್ಚೆ ಅಲ್ಲಿಗೆ ಮುಗೀತು. ಬಾವುಟ ಈಗ ಕಪ್ಪು, ಮೇಲಿನ ಎಡಮೂಲೆಯಿಂದ ಕೆಳಗೆ ಬಲಕ್ಕೆ ಕಿತ್ತಳೆ ಪಟ್ಟಿ. ಪಟ್ಟಿ ಕೆಳಗೆ ಬರ್ತಾ ಅಗಲ ಆಗುತ್ತೆ, "ಹರಿಯುವಾಗ ಹಾಗೇ ಆಗೋದು" ಅಂತ ಇವನ ವಾದ. ನದಿಗೆ ಅಡಿಯಲ್ಲಿ ಒಂದು ಹಸಿರು ಗೆರೆ ಸೇರಿಸಿದ್ದಾನೆ. ಮುದ್ರೆಯಲ್ಲಿ ರೋರೋಸ್‌ನವರ ಚಿಹ್ನೆ ಬೇಡ ಅಂದ, ಟಾಯ್ಲೆಟ್ ವಿಷಯ ಓದಿಬಿಟ್ಟ. ಬದಲಿಗೆ ಬಗ್ಗಿಸಿದ ಪಾತ್ರೆ, ಪಕ್ಕದಲ್ಲಿ ಸಲಾಕೆ ಹಿಡಿದ ಎರಡು ಕೈ, ಕೆಳಗೆ 1957. ಜೆರೋಮ್‌ನ ರೈಲಿನ ಬಗ್ಗೆ ಮೂರು ಸಾಲು ತಾನೇ ಬರೆದಿದ್ದಾನೆ, ನಾನು ಹೇಳಿಕೊಡಲಿಲ್ಲ. ಪ್ಯಾಟಿಯೊ ಟೌನ್ ಬಗ್ಗೆಯೂ ಬರೀತಾನಂತೆ. ಅವನ ಪಕ್ಕ ಕೂರೋ ಹುಡುಗನ ಮುತ್ತಜ್ಜ ಯಾವುದೋ ತಾಮ್ರದ ಊರಲ್ಲಿ ಕೆಲಸಕ್ಕಿದ್ದರಂತೆ, ಅವನನ್ನ ಕೇಳ್ತೀನಿ ಅಂತಿದ್ದಾನೆ.

ಒಂದು ಉಳೀತು. ಮುದ್ರೆಗೂ ಬಣ್ಣ ತುಂಬಬೇಕಾ? ಕತ್ತೆಗೆ ಅಲ್ಲಾದ್ರೂ ಜಾಗ ಸಿಗುತ್ತಾ ಅಂತ ನಮ್ಮನೆಯವರು ಕೇಳ್ತಿದ್ದಾರೆ.

ಬಾವುಟದ_ಹುಚ್ಚ:

ಬಣ್ಣ ಬೇಡ ಮೇಡಂ. ಮುದ್ರೆಯನ್ನ ಕಾಗದದ ಮೇಲೆ ಉಬ್ಬಾಗಿ ಒತ್ತಿದಾಗ ಬಣ್ಣ ಇರಲ್ಲ, ಗೆರೆ ಮಾತ್ರ ನಿಲ್ಲುತ್ತೆ. ಕಪ್ಪು ಗೆರೆಯಲ್ಲೇ ಬಿಡಿಸಲಿ. ಎರಡು ಇಂಚಿಗೆ ಇಳಿಸಿ ಪ್ರಿಂಟ್ ತೆಗೆದು ನೋಡಿ, ಸಲಾಕೆಯೂ ಬೆರಳೂ ಒಂದಕ್ಕೊಂದು ಅಂಟಿಕೊಂಡು ಕಂಡರೆ ಒಂದು ಕೈ ತೆಗೆಯಿರಿ.

ಕುಲುಮೆ_ರಾಯ:

ಒಂದು ಕೈ ತೆಗೆಯೋದು ಬೇಡ, ಆ ಸಲಾಕೆ ಒಂದು ಕೈಯಲ್ಲಿ ಏಳಲ್ಲ. ಪಾತ್ರೆಯನ್ನ ಚಿಕ್ಕದು ಮಾಡಿಸಿ. ಕತ್ತೆ ಜೆರೋಮ್ ಕಡೆಯದು, ಅಲ್ಲಿಗೇ ವಾಪಸ್ ಕಳಿಸಿ.